ಲೇಔಟ್ ರಸ್ತೆಯ ಒಕ್ಕಣೆ

ಕಣವಿದ್ದ ಮೂಲೆಯನ್ನು ಪುಟ್ಟರಾಜು ಲೇಔಟಿನವರಿಗೆ ಕೊಟ್ಟು ಎರಡು ವರ್ಷವಾಗಿತ್ತು. ಕುಶಾಲನಗರ ಆಗಲೇ ಅವನ ಹೊಲದ ಮೂರು ಬದಿಗೂ ಬಂದು ಕೂತಿತ್ತು. ಕಣ ಹೋದರೇನು, ಅದೇ ಜಾಗದಲ್ಲಿ ಕಾಂಕ್ರೀಟ್ ರಸ್ತೆ ಬಂದಿತ್ತು. ಅಷ್ಟು ಗಟ್ಟಿ ಕಣವನ್ನು ಅವನ ಅಪ್ಪನೂ ಕಂಡಿರಲಿಲ್ಲ. ಈ ಸಲದ ರಾಗಿಯನ್ನೆಲ್ಲ ಬೆಳಿಗ್ಗೆಯೇ ಅಲ್ಲಿ ಹರಡಿದ. ಲೇಔಟಿನ ಕಾರುಗಳು ನಾಲ್ಕು ಸಲ ಓಡಾಡಿದರೆ ತೆನೆಯಿಂದ ಕಾಳು ತಾನಾಗಿ ಉದುರುತ್ತದೆ.

"ಮೋಡ ನೋಡಿದ್ರಾ?" ಎಂದಳು ಹೆಂಡತಿ ವನಜಮ್ಮ. "ಸಂಜೆಯೊಳಗೆ ಚೀಲ ತುಂಬಲಿಲ್ಲ ಅಂದ್ರೆ ವರ್ಷದ ಮುದ್ದೆ ರಸ್ತೇಲೇ ಮೊಳಕೆ ಒಡೆಯುತ್ತೆ."

ಆದರೆ ಲೇಔಟಿನವರು ಸಭ್ಯರು. ಮೊದಲು ಬಂದ ಕಾರು ಸಂಘದ ಅಧ್ಯಕ್ಷ ಕೀರ್ತಿಕುಮಾರ್ ಅವರದು. ಅವರು ಇಳಿದು, ತೆನೆಗೆ ಕೈಮುಗಿದು, ಕಾರು ಹಿಂದಕ್ಕೆ ತೆಗೆದರು.

"ಹತ್ತಿಸಿ ಸಾರ್, ಅದಕ್ಕೇ ಹಾಕಿರೋದು," ಎಂದ ಪುಟ್ಟರಾಜು.

"ನಿಮ್ಮ ಸಂಕೋಚ ನಂಗೆ ಅರ್ಥ ಆಗುತ್ತೆ ಪುಟ್ಟರಾಜು. ಅನ್ನದ ಮೇಲೆ ಚಕ್ರ ಓಡಿಸೋರಲ್ಲ ನಾವು."

ಹತ್ತೇ ನಿಮಿಷಕ್ಕೆ ಸಂಘದ ವಾಟ್ಸಾಪಿನಲ್ಲಿ ಸೂಚನೆ ಹೋಯಿತು: ರೈತರ ಬೆಳೆ ಒಣಗುತ್ತಿದೆ, ಯಾರೂ ಆ ಕಡೆ ಗಾಡಿ ತರಬಾರದು. ಮೂರನೇ ಮನೆಯ ಶೋಭಿತಾ ಟೀಚರ್ ರಸ್ತೆಯ ಎರಡೂ ತುದಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿಸಿದರು. ಬಾಡಿಗೆ ಟ್ರ್ಯಾಕ್ಟರ್ ಸೋಮವಾರಪೇಟೆ ಕಡೆ ಹೋಗಿತ್ತು. ಪುಟ್ಟರಾಜು ತನ್ನ ಸ್ಕೂಟರನ್ನೇ ತೆನೆಯ ಮೇಲೆ ನಲವತ್ತು ಸಲ ಓಡಿಸಿದ. ಬೆನ್ನು ಒತ್ತಿಸಿಕೊಂಡಂತೆ ರಾಗಿ ಆರಾಮವಾಗಿ ಮಲಗಿತ್ತು.

ಮೂರು ಗಂಟೆಗೆ ಆಕಾಶ ನೀರೊಲೆಯ ಹಂಡೆಯ ತಳದಂತಾಯಿತು. ಪುಟ್ಟರಾಜು ಟೀ ಅಂಗಡಿಯ ಮುತ್ತನಿಗೆ ಫೋನ್ ಮಾಡಿದ.

"ಮುತ್ತಣ್ಣ, ಯಾರಿಗೂ ಹೇಳ್ಬೇಡ. ಲೇಔಟ್ ಹಿಂದೆ ಆನೆ ನಿಂತದೆ."

ಮುತ್ತ ಯಾರಿಗೂ ಹೇಳಲಿಲ್ಲ. ಅಂಗಡಿಯಲ್ಲಿ ಇದ್ದವರಿಗೆ ಮಾತ್ರ ಹೇಳಿದ. ಅರ್ಧ ಗಂಟೆಯಲ್ಲಿ ಕಾರು, ಆಟೋ, ಪಿಕಪ್, ಮಾದಾಪುರಕ್ಕೆ ಹೊರಟಿದ್ದ ಒಂದು ಎಸ್ಟೇಟ್ ಜೀಪು, ಎಲ್ಲವೂ ಬಂದವು. ಶೋಭಿತಾ ಟೀಚರ ಹಗ್ಗ ಕಿತ್ತುಹೋಯಿತು. ಚಕ್ರಗಳ ಅಡಿಯಲ್ಲಿ ತೆನೆ ಚಟಚಟ ಸಿಡಿಯಿತು. ಪುಟ್ಟರಾಜು ಕಣ್ಣು ಮುಚ್ಚಿ ಕೇಳಿಸಿಕೊಂಡ.

ಸದ್ದು ನಿಂತಿತು. ಕಣ್ಣು ಬಿಟ್ಟರೆ ಗಾಡಿಗಳೂ ನಿಂತಿದ್ದವು. ರಾಗಿಯ ಮೇಲೆಯೇ, ಈ ತುದಿಯಿಂದ ಆ ತುದಿಯವರೆಗೆ. ಜನ ಜೀಪಿನ ಟಾಪ್ ಹತ್ತಿ ಕೂತಿದ್ದರು.

ಪುಟ್ಟರಾಜು ಒಂದೊಂದೇ ಗಾಡಿಯ ಕಿಟಕಿಗೆ ಬಗ್ಗಿ, ಆನೆ ಇಲ್ಲವೆಂದೂ ತಾನೇ ಸುಳ್ಳು ಹೇಳಿದ್ದೆಂದೂ ಒಪ್ಪಿಕೊಳ್ಳುತ್ತ ಹೋದ. "ಹೊಲಕ್ಕೆ ಜನ ನುಗ್ತಾರೆ ಅಂತ ಹಂಗಂತಿದೀಯ, ಗೊತ್ತು ಬಿಡು," ಎಂದ ಆಟೋದವನು. ಉಳಿದವರಿಗೂ ಅದೇ ಸರಿ ಕಂಡಿತು.

ಮೊದಲ ಹನಿ ಹಣೆಗೆ ಬಿತ್ತು. ತನ್ನ ಮಾತು ನಂಬುವವಳು ಒಬ್ಬಳೇ ಎಂದುಕೊಂಡು ವನಜಮ್ಮನನ್ನು ಹುಡುಕಿದ. ಅವಳು ಕೀರ್ತಿಕುಮಾರ್ ಮನೆಯ ತಾರಸಿಯ ಮೇಲೆ, ಕಾಫಿ ಲೋಟ ಹಿಡಿದು, ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ವನಜಾ, ನೀನಾದ್ರೂ ಹೇಳೇ, ಆನೆ ಇಲ್ಲ ಅಂತ. ರಾಗಿ ನೆನೀತಾ ಇದೆ."

ವನಜಮ್ಮ ಸೆರಗನ್ನು ತಲೆಗೆ ಎಳೆದುಕೊಂಡು ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಮಾತಾಡಿ. ಈಗ ತಾನೇ ಬಾಲ ಕಾಣಿಸ್ತು."