ಒಡಪಿನ ಮೂಲಕ ಸರ್ವರ್‌ಗೆ ಲಾಗಿನ್ ಆಗುವ ಕುರಿತು

ಗೋದಾತೀರ ಕನ್ನಡಿಗರ ಯಾತ್ರಿನಿವಾಸ ಮಂಡಳಿ
ಗಣಕ ಶಾಖೆ, ನಾಸಿಕ್

ಸಂಖ್ಯೆ: ಗೋಕಯಾಮಂ/ಗಶಾ/ಬೀಗ/17 (ಪರಿಷ್ಕೃತ) (ಮರುಪರಿಷ್ಕೃತ)
ದಿನಾಂಕ: ಸಹಿಯಾದ ದಿನ

ಸುತ್ತೋಲೆ

ವಿಷಯ: ಛತ್ರಪತಿ ಸಂಭಾಜಿನಗರದಲ್ಲಿರುವ ಸರ್ವರ್‌ನ ನಿರ್ವಹಣಾ ಪುಟಕ್ಕೆ ನಾಸಿಕ್‌ನಿಂದ ಸುರಕ್ಷಿತವಾಗಿ ಲಾಗಿನ್ ಆಗುವುದು ಹಾಗೂ ಗಣಕ ಸಹಾಯಕ ಶ್ರೀ ಓಂಕಾರ ಅವರ ಹೆಣ್ಣು ನೋಡುವ ರಜೆ.

ಉಲ್ಲೇಖ:
(1) ಶ್ರೀ ಓಂಕಾರ ಅವರ ರಜೆ ಅರ್ಜಿ, ಅದರ ನೆನಪೋಲೆ ಮತ್ತು ನೆನಪೋಲೆಯ ನೆನಪೋಲೆ.
(2) ಕಾರ್ಯದರ್ಶಿಗಳ ಧರ್ಮಪತ್ನಿ ಶ್ರೀಮತಿ ಸಂಗಮ್ಮನವರು ಅಡುಗೆಮನೆಯಿಂದ ನೀಡಿದ ಮೌಖಿಕ ಹೇಳಿಕೆ.
(3) ಹುಡುಗಿಯ ತಂದೆ, ಸಂಭಾಜಿನಗರದ ಶ್ರೀ ಗುರುಲಿಂಗಪ್ಪನವರ ಕೊನೆಯ ಎಚ್ಚರಿಕೆ.

ಪ್ರಸ್ತಾವನೆ:

ತ್ರ್ಯಂಬಕೇಶ್ವರದ ಯಾತ್ರಿನಿವಾಸದಲ್ಲಿ ಯಾವ ಕೋಣೆ ಯಾರಿಗೆ ಎಂಬುದು ಸಂಭಾಜಿನಗರದ ಬಾಡಿಗೆ ಮನೆಯೊಂದರಲ್ಲಿರುವ ಸರ್ವರ್‌ಗೆ ಮಾತ್ರ ಗೊತ್ತಿರುತ್ತದೆ. ಸದರಿ ಸರ್ವರ್ ಆಗಾಗ ನಿಂತುಹೋಗುತ್ತದೆ. ಆಗ ನಾಸಿಕ್ ಕಚೇರಿಯಿಂದ ಅದರ ನಿರ್ವಹಣಾ ಪುಟಕ್ಕೆ ಲಾಗಿನ್ ಆಗಿ ಅದನ್ನು ಎಬ್ಬಿಸಬೇಕಾಗುತ್ತದೆ. ಎಬ್ಬಿಸಲು ಬರುವುದು ಓಂಕಾರ ಒಬ್ಬರಿಗೇ. ಈ ಕಾರಣದಿಂದ ಅವರು ಹೆಣ್ಣು ನೋಡಲು ಹೋಗುವುದು ಎರಡು ಸಲ ತಪ್ಪಿದೆ. "ಮೂರನೇ ಸರ್ತಿನೂ ಬರ್ಲಿಲ್ಲಂದ್ರ ನಾವು ಲಾತೂರಿನ ಹುಡುಗಗ ಹ್ಞೂಂ ಅಂತೀವಿ ನೋಡ್ರಿ" ಎಂದು ಗುರುಲಿಂಗಪ್ಪನವರು ತಿಳಿಸಿದ್ದಾರೆ. ಅಂದಿನಿಂದ ಓಂಕಾರ ಅವರು ಒಂದೇ ಚಪಾತಿಗೆ ಏಳುತ್ತಿರುವುದು ಭೋಜನಾಲಯದ ವರದಿಯಿಂದ ಕಂಡುಬಂದಿದೆ. ಆದ್ದರಿಂದ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಭೋಜನಾಲಯದ ತಿಂಡಿ ಫಲಕದ ಮೇಲೆ ಪಾಸ್‌ವರ್ಡ್ ಬರೆಯುವ ಪದ್ಧತಿಯನ್ನು ನಿಲ್ಲಿಸಲಾಗಿದೆ. ಎಲ್ಲ ಸಿಬ್ಬಂದಿಯೂ ತಪ್ಪದೆ ಓದುವುದು ಅದೊಂದನ್ನೇ ಎಂಬ ಕಾರಣಕ್ಕೆ ಆ ಸ್ಥಳವನ್ನು ಆರಿಸಲಾಗಿತ್ತು. ಆದರೆ ಮಾಲೇಗಾಂವ್‌ನಿಂದ ಬಂದ ಸೀರೆ ವ್ಯಾಪಾರಿಯೊಬ್ಬರು ಮಸಾಲೆ ದೋಸೆಯ ಕೆಳಗಿದ್ದ 'ತ್ರ್ಯಂಬಕ್@108' ಎಂಬುದನ್ನು ಎರಡು ಪ್ಲೇಟ್ ಕೇಳಿರುತ್ತಾರೆ. ಭೋಜನಾಲಯದ ಶ್ರೀ ಜಯಕರ ಅವರು "ಓ ಖತಮ್ ಹೋ ಗಯಾ ಸೇಠ್, ಕಲ್ ಆಯಿಯೇ" ಎಂದು, ಅಂದರೆ ಅದು ಮುಗಿದಿದೆ, ನಾಳೆ ಬನ್ನಿ ಎಂದು, ಉತ್ತರಿಸಿರುವುದು ಸಮಯಪ್ರಜ್ಞೆಯೇ ಹೊರತು ಭದ್ರತೆಯಲ್ಲ.

2. ತದನಂತರ ಕಾರ್ಯದರ್ಶಿಗಳು, ತಮಗೆ ಮರೆಯಬಾರದೆಂದು, ಪಾಸ್‌ವರ್ಡ್ ಆಗಿ ತಮ್ಮ ಹೆಸರನ್ನೇ ಇಟ್ಟಿರುತ್ತಾರೆ. ಪಾಸ್‌ವರ್ಡನ್ನು ಎಲ್ಲಿಯೂ ಬರೆಯತಕ್ಕದ್ದಲ್ಲವಾದ್ದರಿಂದ ಈ ಸುತ್ತೋಲೆಯಲ್ಲಿ ಅವರ ಹೆಸರನ್ನು ಕೈಬಿಡಲಾಗಿದೆ. ಅವರ ಮನೆ ಬಾಗಿಲಿನ ಫಲಕವನ್ನೂ ಕಿತ್ತಿಡಲಾಗಿದೆ. ಅವಶ್ಯವಿದ್ದಾಗ ಕಾರ್ಯದರ್ಶಿಗಳು, ಅವರಿಲ್ಲದಾಗ ಸಂಗಮ್ಮನವರು, ಪಾಸ್‌ವರ್ಡನ್ನು ಫೋನಿನಲ್ಲಿ ಹೇಳತಕ್ಕದ್ದು. ಓಂಕಾರ ಅವರು ಕೇಳಿಸಿದ್ದನ್ನು ಕೇಳಿಸಿದಂತೆಯೇ ಒತ್ತತಕ್ಕದ್ದು. "ಸಾಹೇಬ್ರ ಹೆಸರು ಇಡೀ ನಾಸಿಕ್‌ಗೆ ಗೊತ್ತದರಿ, ನಾನೇ ಹೊಡೀತೀನಿ" ಎಂಬ ಓಂಕಾರ ಅವರ ವಾದವನ್ನು ತಿರಸ್ಕರಿಸಲಾಗಿದೆ. ಗೊತ್ತಿರುವುದು ಬೇರೆ, ಅಧಿಕೃತವಾಗಿ ಕೇಳಿಸಿಕೊಳ್ಳುವುದು ಬೇರೆ.

3. ಶ್ರಾವಣ ಸೋಮವಾರದ ಘಟನೆಯನ್ನು ಎಲ್ಲರ ತಿಳಿವಳಿಕೆಗಾಗಿ ಇಲ್ಲಿ ದಾಖಲಿಸಲಾಗಿದೆ. ಅಂದು ಓಂಕಾರ ಅವರು ಇಸ್ತ್ರಿ ಅಂಗಿ ತೊಟ್ಟು, ಹೆಣ್ಣು ನೋಡಲು ಸಂಭಾಜಿನಗರದ ಬಸ್ಸಿಗೆ ಹೊರಟು ನಿಂತಿದ್ದರು. ಅಷ್ಟರಲ್ಲಿ ಸರ್ವರ್ ನಿಂತಿತು. ತ್ರ್ಯಂಬಕದಲ್ಲಿ ಒಂದೇ ಕೋಣೆಗೆ ಎರಡು ಕುಟುಂಬಗಳು ಟ್ರಂಕ್ ಸಮೇತ ಪ್ರವೇಶಿಸಿದವು. ಕಾರ್ಯದರ್ಶಿಗಳು ಅಭಿಷೇಕಕ್ಕೆ ಕೂತು ಫೋನ್ ಬಂದ್ ಮಾಡಿದ್ದರು. ಓಂಕಾರ ಅವರು ಸಂಗಮ್ಮನವರಿಗೆ ಫೋನ್ ಮಾಡಿದಾಗ ದೊರೆತ ಹೇಳಿಕೆ ಇಂತಿದೆ:

"ಗೊತ್ತದ ತಮ್ಮಾ, ಗೊತ್ತಿಲ್ಲಂತ ಯಾರಂದ್ರು? ಆದ್ರ ನಮ್ಮವರ ಹೆಸರು ನಾ ಹ್ಯಾಂಗ ಹೇಳ್ಲಿ? ಲಗ್ನ ಆದಾಗಿಂದ ಹೇಳಿಲ್ಲ. ಈಗ ನಿನ್ನ ಮಶೀನಿನ ಸಲುವಾಗಿ ಹೇಳ್ಲೇನು?"

"ಕಾಕೂ, ಭಾಳ ಅರ್ಜಂಟ್ ಅದರಿ. ಒಂದೇ ಸರ್ತಿ."

"ಹಂಗಾರ ಒಡಪಿನ್ಯಾಗ ಹೇಳ್ತೀನಿ. ಆದ್ರ ಒಡಪು ಗ್ವಾಡಿಗಿ ಹೇಳ್ತಾರೇನು? ನಾಕು ಮಂದಿ ಹೆಣ್ಮಕ್ಕಳು ಬರ್ಲಿ, ತಡಿ."

ಗಂಡನ ಹೆಸರನ್ನು ಪ್ರಾಸದ ಸಾಲಿನೊಳಗೆ ಸೇರಿಸಿ ಹೇಳುವ ಒಡಪಿಗೆ ಸಭೆ ಬೇಕೆಂಬುದು ಸರ್ವವಿದಿತ. ನೆರೆಯ ಹೆಂಗಸರನ್ನು ಕರೆಯಲಾಯಿತು. ಅವರಲ್ಲಿ ಮರಾಠಿ ಹೆಂಗಸೊಬ್ಬರು ಮೊದಲು ತಮ್ಮ ಉಖಾಣೆ, ಅಂದರೆ ಮರಾಠಿ ಒಡಪು, ಆಗಲೆಂದು ಹಟ ಹಿಡಿದರು. ಚಹಾ ಆಯಿತು. ಕಟ್ಟಕಡೆಗೆ ಸಂಗಮ್ಮನವರು,

"ಗೋದಾವರಿ ದಂಡ್ಯಾಗ ಮಲ್ಲಿಗಿ ಕೊಂಡೆ,
............ನವರ ಜೋಡಿ ನಾಸಿಕ ಕಂಡೆ"

ಎಂದು ನುಡಿದರು. ಕೇಳಿಸಿದ್ದನ್ನು ಕೇಳಿಸಿದಂತೆಯೇ ಒತ್ತಬೇಕೆಂಬ ನಿಯಮವಿದ್ದುದರಿಂದ ಓಂಕಾರ ಅವರು ಗೋದಾವರಿಯಿಂದ ಕಂಡೆವರೆಗೆ ಎಲ್ಲವನ್ನೂ ಒತ್ತಿದರು. ಸರ್ವರ್ ನಿರಾಕರಿಸಿತು. ಹೆಂಗಸರು "ಇನ್ನೊಮ್ಮೆ, ಇನ್ನೊಮ್ಮೆ" ಎಂದರು. ಮೂರು ಸಲದ ಬಳಿಕ ಪುಟಕ್ಕೆ ಬೀಗ ಬಿತ್ತು. ಬಸ್ಸೂ ಹೋಯಿತು.

4. ಮರುದಿನ ಸರ್ವರ್ ಎಬ್ಬಿಸುವ ಗುಂಡಿಯನ್ನು ಕೈಯಾರೆ ಒತ್ತಲು ಓಂಕಾರ ಅವರನ್ನು ಮಂಡಳಿಯ ಖರ್ಚಿನಲ್ಲಿ ಸಂಭಾಜಿನಗರಕ್ಕೆ ಕಳುಹಿಸಲಾಯಿತು. ಹುಡುಗಿಯ ಮನೆ ಅದೇ ಓಣಿಯಲ್ಲಿದೆ. ಆದಾಗ್ಯೂ ಕರ್ತವ್ಯದ ಮೇಲೆ ಪ್ರಯಾಣಿಸಿದವರು ಹೆಣ್ಣು ನೋಡತಕ್ಕದ್ದಲ್ಲವೆಂದು ಫೋನಿನಲ್ಲಿ ಸೂಚಿಸಲಾಗಿ, ಅವರು ಗುಂಡಿ ಒತ್ತಿ, ಆ ಮನೆಯ ಮಾಳಿಗೆಯ ಮೇಲೆ ಒಣಹಾಕಿದ್ದ ಹಪ್ಪಳಗಳನ್ನು ಮಾತ್ರ ನೋಡಿ ಮರಳಿದ್ದಾರೆ. ಹಪ್ಪಳ ನೋಡಿದ್ದಕ್ಕೆ ಪ್ರಯಾಣಭತ್ಯೆಯಲ್ಲಿ ಕಡಿತವಿಲ್ಲ.

5. ಹೊರಗಿನ ಭದ್ರತಾ ಪರಿಶೀಲಕ ಶ್ರೀ ನಿತೀಶ್ ಅವರ ಅಭಿಪ್ರಾಯ ಪಡೆಯಲಾಗಿದೆ: "ಪಾಸ್‌ವರ್ಡ್ ಉದ್ದ ಇದ್ದಷ್ಟು ಒಳ್ಳೇದು. ಈ ಒಡಪನ್ನೇ ಇಟ್ಕೊಂಡ್ರೂ ಅಡ್ಡಿಲ್ಲ. ಆದ್ರೆ ದೇವರಾಣೆ, ಫೋನಲ್ಲಿ ಹೇಳಿಸ್ಬೇಡಿ." ಅಭಿಪ್ರಾಯದ ಮೊದಲರ್ಧವನ್ನು ಅಂಗೀಕರಿಸಿ ಉಳಿದದ್ದನ್ನು ಪರಿಶೀಲನೆಯಲ್ಲಿಡಲಾಗಿದೆ. ಅದರಂತೆ ಇಡೀ ಒಡಪೇ ಇನ್ನು ಮುಂದೆ ಪಾಸ್‌ವರ್ಡ್. ಮೇಲೆ ಮುದ್ರಿಸಿರುವುದು ಉದಾಹರಣೆಗಾಗಿ ಮಾತ್ರ. ಓದಿದವರು ಮರೆಯತಕ್ಕದ್ದು. ಮರೆತ ಬಗ್ಗೆ ದೃಢೀಕರಣ ಪತ್ರ ಸಲ್ಲಿಸತಕ್ಕದ್ದು. ಏನನ್ನು ಮರೆತೆವೆಂದು ಅದರಲ್ಲಿ ವಿವರಿಸತಕ್ಕದ್ದು.

6. ಕಾರ್ಯದರ್ಶಿಗಳೊಂದಿಗೆ ಮನಸ್ತಾಪವಾದ ದಿನ ಸಂಗಮ್ಮನವರು ಒಡಪಿಗೂ ಬಾಯಿ ಬಿಡುವುದಿಲ್ಲ. "ಅವರ ಹೆಸರು ಇವತ್ತ ನನ್ನ ಮುಂದ ಎತ್ತಬ್ಯಾಡ" ಎಂದು ಫೋನ್ ಇಟ್ಟಿರುವ ಉದಾಹರಣೆ ಇದೆ. ಆದ್ದರಿಂದ ಯಾತ್ರೆಯ ದಿನಗಳಲ್ಲಿ ಕಾರ್ಯದರ್ಶಿಗಳು ಸಾರಿನ ಉಪ್ಪಿನ ಬಗ್ಗೆ ಮಾತೆತ್ತತಕ್ಕದ್ದಲ್ಲ. ಸಂಗಮ್ಮನವರ ತವರಿನವರನ್ನು ಹೊಗಳತಕ್ಕದ್ದು. ಇದನ್ನು ಮಂಡಳಿಯ ಭದ್ರತಾ ವೆಚ್ಚವೆಂದು ಪರಿಗಣಿಸಲಾಗುವುದು.

7. ಸಂಗಮ್ಮನವರು ಮಗಳ ಬಾಣಂತನಕ್ಕೆ ಕಲಬುರಗಿಗೆ ಹೊರಟಿರುವುದರಿಂದ ಒಡಪನ್ನು ಕಾಯ್ದುಕೊಳ್ಳಲು ಬದಲಿ ಪಾಲಕಿ ಬೇಕಾಗಿದೆ. ಜಯಕರ ಅವರ ಪತ್ನಿ ಶ್ರೀಮತಿ ವಸಂತಿ ಅವರನ್ನು ಪರಿಗಣಿಸಲಾಗಿತ್ತು. ಆದರೆ ಅವರು "ಓ ಜಯಕರ, ರುಬ್ಬಿದ ಹಿಟ್ಟು ಎಲ್ಲಿಟ್ರಿ?" ಎಂದು ದಿನವೂ ಬೆಳಿಗ್ಗೆ ರಸ್ತೆಗೆ ಕೇಳುವಂತೆ ಕೂಗುವುದರಿಂದ ಅವರಲ್ಲಿ ಗೌಪ್ಯವೇನೂ ಉಳಿದಿಲ್ಲ. ಹೀಗಾಗಿ ಇನ್ನೂ ಯಾವ ಹೆಂಡತಿಯ ಬಾಯಿಗೂ ಬೀಳದ ಹೆಸರೆಂದರೆ ಓಂಕಾರ ಅವರದೊಂದೇ. ಅವರಿಗೆ ಲಗ್ನವಾದ ಕೂಡಲೇ ಅವರ ಹೆಸರಿನ ಒಡಪನ್ನು ಪಾಸ್‌ವರ್ಡ್ ಮಾಡಿ, ಅವರ ಪತ್ನಿಯನ್ನು ಪಾಲಕಿಯಾಗಿ ನೇಮಿಸಲಾಗುವುದು. ಸದರಿ ಉದ್ದೇಶಕ್ಕಾಗಿ ಬರುವ ಭಾನುವಾರ ಹೆಣ್ಣು ನೋಡುವುದನ್ನು ಕಚೇರಿ ಕರ್ತವ್ಯವೆಂದು ಮಂಜೂರು ಮಾಡಲಾಗಿದೆ. ಕಲಂ 4 ಈ ಮಟ್ಟಿಗೆ ರದ್ದು.

8. "ಅಲ್ಲೇ ಇರ್ತೀನಲ್ರಿ, ಸರ್ವರ್ ನಿಂತ್ರ ಓಡಿ ಹೋಗಿ ಒತ್ತಿ ಬರ್ತೀನಿ" ಎಂಬ ಓಂಕಾರ ಅವರ ಸಲಹೆಯನ್ನು ಒಪ್ಪಲಾಗಿಲ್ಲ. ಹತ್ತಿರ ಹೋದ ತಕ್ಷಣ ಸರ್ವರ್ ದೂರದ್ದಾಗಿ ಉಳಿಯುವುದಿಲ್ಲ. ಹತ್ತಿರದ ಸರ್ವರ್ ನೋಡಿಕೊಳ್ಳಲು ಈ ಶಾಖೆಯಲ್ಲಿ ಹುದ್ದೆ ಮಂಜೂರಾಗಿಲ್ಲ. ಭಾನುವಾರ ನಿಲ್ಲಬಾರದೆಂದು ಸರ್ವರ್‌ಗೇ ಸೂಚಿಸಲಾಗಿದೆ.

ಸೇರ್ಪಡೆ:

ಈ ಸುತ್ತೋಲೆ ಸಹಿಗೆ ಹೋಗಿಬರುವಷ್ಟರಲ್ಲಿ ಭಾನುವಾರ ಕಳೆದುಹೋಗಿರುವುದರಿಂದ ಮುಂದಿನದನ್ನು ಸೇರಿಸಲಾಗಿದೆ. ಹುಡುಗಿಯ ಬಾಯಿ ಎಷ್ಟು ಬಿಗಿ ಎಂಬುದನ್ನು ಪರಿಶೀಲಿಸಲು ಗುಮಾಸ್ತೆ ಶ್ರೀಮತಿ ಲತಾ ಅವರನ್ನು ಜೊತೆಗೆ ಕಳುಹಿಸಲಾಗಿತ್ತು. ಅವರ ವರದಿಯಂತೆ, ಗುರುಲಿಂಗಪ್ಪನವರ ಮಗಳು, ಔಷಧ ಅಂಗಡಿಯಲ್ಲಿ ಕೆಲಸ ಮಾಡುವ ಕುಮಾರಿ ರುಚಿತಾ ಚಹಾದ ತಟ್ಟೆ ಹಿಡಿದು ಬಂದು, ಹಿರಿಯರೆಲ್ಲರ ಎದುರಿಗೇ, "ಓಂಕಾರ, ಸಕ್ರಿ ಎಷ್ಟು ಹಾಕ್ಲಿ?" ಎಂದು ಕೇಳಿರುತ್ತಾರೆ.

"ಅಯ್ಯ, ಹೆಸರು ಹಿಡದು ಕರೀತೀಯಲ್ಲವ್ವಾ!" ಎಂದು ಗುರುಲಿಂಗಪ್ಪನವರು ಗಾಬರಿಯಾಗಿದ್ದಾರೆ.

"ಮತ್ತೇನಂತ ಕರೀಲಿ ಪಪ್ಪಾ? ಎರಡ್ ಸರ್ತಿ ಕೈಕೊಟ್ಟಾರ. ಹೆಸರು ಹಿಡದು ಕೇಳಾಕ್ಕೇ ಕಾಯ್ಕೊಂಡು ಕುಂತಿದ್ದೆ. ಹೇಳು ಓಂಕಾರ, ಆ ಮಶೀನ್ ಮುಖ್ಯನೋ ನಾನೋ?"

ಓಂಕಾರ ಅವರು ನಕ್ಕಿರುವುದು ವರದಿಯಲ್ಲಿದೆ. ಅಂದು ಅವರು ಎಷ್ಟು ಉಂಡರೆಂದು ಬರೆಯಲು ಲತಾ ಅವರು ನಿರಾಕರಿಸಿದ್ದಾರೆ.

ಇದರಿಂದ, ಮಂಡಳಿಯ ಮುಂದಿನ ಪಾಸ್‌ವರ್ಡ್ ಇಡುವ ಮೊದಲೇ ಬಹಿರಂಗಗೊಂಡಂತಾಗಿದೆ. ಕುಮಾರಿ ರುಚಿತಾ ಪಾಲಕಿ ಹುದ್ದೆಗೆ ಅನರ್ಹರೆಂದು ಘೋಷಿಸಿ, ಭದ್ರತಾ ದೃಷ್ಟಿಯಿಂದ ಸೂಕ್ತವಾದ ಬೇರೆ ಕನ್ಯೆಯನ್ನು ನೋಡುವಂತೆ ಓಂಕಾರ ಅವರಿಗೆ ಸೂಚಿಸಲಾಯಿತು. ಅವರಿಂದ ಬಂದ ಲಿಖಿತ ಉತ್ತರವನ್ನು ಯಥಾವತ್ತಾಗಿ ಕೊಡಲಾಗಿದೆ: "ನಾ ಇಕಿನ್ನೇ ಲಗ್ನ ಆಗಾಂವ ರೀ. ಬೇಕಾದ್ರ ಪಾಸ್‌ವರ್ಡ್ ಬದಲಿ ಮಾಡ್ರಿ."

ಹಾಗೆಯೇ ಮಾಡಲು ತೀರ್ಮಾನಿಸಲಾಗಿದೆ.

ಸಹಿ/-
(ಕಲಂ 2ರಂತೆ ಹೆಸರಿಲ್ಲ)
ಕಾರ್ಯದರ್ಶಿ

ಪ್ರತಿಗಳು:
1. ಶ್ರೀಮತಿ ಸಂಗಮ್ಮ. ಕಲಂ 6ನ್ನು ಮಡಚಿ ಕಳುಹಿಸಲಾಗಿದೆ.
2. ಶ್ರೀ ನಿತೀಶ್, ಭದ್ರತಾ ಪರಿಶೀಲಕರು. ಅವರು ಫೋನ್ ಎತ್ತುತ್ತಿಲ್ಲವಾದ್ದರಿಂದ ಅಂಚೆಯ ಮೂಲಕ.
3. ಭೋಜನಾಲಯ. ಫಲಕದ ಮೇಲೆ ಅಂಟಿಸತಕ್ಕದ್ದಲ್ಲ.
4. ಲಾತೂರಿನ ಹುಡುಗ. ವಿಷಾದಪೂರ್ವಕ.
5. ಶ್ರೀ ಓಂಕಾರ. ಲಗ್ನದ ರಜೆಯಲ್ಲಿರುವುದರಿಂದ, ಕುಮಾರಿ ರುಚಿತಾ ಅವರ ಮೂಲಕ.