ನಾಯಿಮರಿಗೆ ಮೂರು ಪಾಳಿ

ನಮ್ಮ ಸೋದರತ್ತೆಯ ಪ್ರಕಾರ ಈ ಭೂಮಿಯ ಮೇಲೆ ಇರುವುದು ಎರಡೇ ಜಾತಿ. ಒಂದು, ಪೇಶಂಟುಗಳು. ಇನ್ನೊಂದು, ಡ್ಯೂಟಿಗೆ ತಡವಾಗಿ ಬರುವವರು. ನಾನು ಎರಡರಲ್ಲೂ ಇದ್ದೆ! ನೆಗಡಿಯಾದರೆ ಮೊದಲನೆಯದು, ನೆಗಡಿ ಬಿಟ್ಟರೆ ಎರಡನೆಯದು. ಶಹಾಬಾದಿನ ಸರಕಾರಿ ದವಾಖಾನೆಯಲ್ಲಿ ಆಕೆ ನರ್ಸು. ಅರ್ಧ ಊರನ್ನು ತಾಯಿಯ ಹೊಟ್ಟೆಯಿಂದ ಈಚೆ ಎಳೆದದ್ದು ತಾನೇ ಎಂದು ಆಕೆಗೆ ಹೆಮ್ಮೆ. ಹಾಗೆ ಎಳೆದವರನ್ನು ಸಾಯುವತನಕ ಬೈಯುವ ಹಕ್ಕೂ ತನ್ನದೇ ಎಂದು ನಂಬಿಕೆ. ಸಂತೆಯಲ್ಲಿ ಮೀಸೆ ತಿರುವಿಕೊಂಡು ಹೋಗುವ ಗಂಡಸನ್ನು ನಿಲ್ಲಿಸಿ, "ಏ, ನೀ ಕಾಲು ಮುಂದ ಮಾಡಿ ಹುಟ್ಟಿದಾವ ಅಲ್ಲೇನು? ಈಗೂ ಎಲ್ಲಾ ಉಲ್ಟಾನೇ ಮಾಡಾಕತ್ತಿ" ಎನ್ನುತ್ತಿದ್ದಳು. ಅವನು ಮೀಸೆ ಇಳಿಸಿಕೊಂಡು ಹೋಗುತ್ತಿದ್ದ.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಟ್ಟ ಹೊಸತು. ನನಗೆ ಅದೇ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಮದುವೆಯಾಗದ ಹುಡುಗಿ ಒಬ್ಬಳೇ ಹೇಗಿರುವುದು? ಅಪ್ಪ ತಮ್ಮ ತಂಗಿಯ ಮನೆಗೆ ತಂದು ಬಿಟ್ಟರು. ಆ ತಂಗಿಗೂ ಮದುವೆಯಾಗಿರಲಿಲ್ಲ ಎಂಬುದು ಅವರಿಗೆ ಆಗ ನೆನಪಾಗಲಿಲ್ಲವೆಂದು ಕಾಣುತ್ತದೆ. ಹೀಗೆ ನಾವಿಬ್ಬರೂ ಮುಂಜಾನೆ ಮನೆಗೆ ಕೀಲಿ ಹಾಕಿ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಒಂದು ಜಿರಳೆಯ ಹೊರತು ಯಾರೂ ಇರುತ್ತಿರಲಿಲ್ಲ. ಸುಖವಾಗಿದ್ದೆವು.

ಆ ಸುಖಕ್ಕೆ ಕಲ್ಲು ಹಾಕಿದವನು ಕಲ್ಲುಗಣಿಯ ಒಬ್ಬ ಕೂಲಿಯವನು. ಅವನ ಹೆಂಡತಿಯ ಹೆರಿಗೆ ಭಾಳ ಕಷ್ಟದ್ದಾಗಿತ್ತಂತೆ, ಅತ್ತೆ ತಾಯಿ-ಕೂಸು ಇಬ್ಬರನ್ನೂ ಉಳಿಸಿದ್ದಳು. ಜನ ಇಂಥದಕ್ಕೆ ಖಣ ಕೊಡುತ್ತಾರೆ, ಕಾಯಿ ಕೊಡುತ್ತಾರೆ. ಈ ಮಹಾನುಭಾವ ಹೆಗಲ ಮೇಲಿನ ಟವೆಲ್ಲಿನಿಂದ ಒಂದು ನಾಯಿಮರಿ ತೆಗೆದ! ಅಂಗೈ ಅಗಲದ್ದು, ಕಂದು ಬಣ್ಣ, ಹೊಟ್ಟೆ ಮಾತ್ರ ತಂಬಿಗೆಯಷ್ಟು.

"ಇದರ ತಾಯಿ ಲಾರಿ ಕೆಳಗ ಸಿಕ್ಕು ಸತ್ತದ್ರಿ ಬಾಯಿ. ನಿಮ್ಮ ಕೈಗುಣ ಚಲೋ ಅದ, ಉಳೀತದ" ಎಂದ.

ಬೇರೆಯವರಾಗಿದ್ದರೆ ಸಾಕ್ತೀನಿ ಅನ್ನುತ್ತಿದ್ದರು, ಇಲ್ಲವೇ ಬೇಡ ಅನ್ನುತ್ತಿದ್ದರು. ಅತ್ತೆ ಅದರ ಬಾಯಿ ತೆರೆದು ನಾಲಗೆ ನೋಡಿ, "ಅಡ್ಮಿಟ್ ಮಾಡ್ಕೋತೀನಿ" ಎಂದಳು. ಮೋತ್ಯಾ ಎಂದು ಹೆಸರಾಯಿತು.

ಮರುದಿನ ಅದನ್ನು ಒಳಗೆ ಬಿಟ್ಟು, ಹಾಲಿಟ್ಟು, ಕೀಲಿ ಹಾಕಿ ಹೋದೆವು. ನೆಲಕ್ಕೆ ಹಾಸಿದ ನಮ್ಮೂರ ಫರಸಿ ಕಲ್ಲಿನ ಗುಣ ನಿಮಗೆ ಗೊತ್ತಲ್ಲ? ಒಂದು ಹನಿಯನ್ನೂ ಕುಡಿಯುವುದಿಲ್ಲ. ಅದರ ಮೇಲೆ ನಮ್ಮ ಮನೆಯ ಮೇಸ್ತ್ರಿ, ತೊಳೆದ ನೀರು ಸರಾಗ ಹರಿಯಲೆಂದು ಬಾಗಿಲ ಕಡೆಗೆ ಇಳಿಜಾರು ಕೊಟ್ಟಿದ್ದ. ಮೋತ್ಯಾ ಅಡುಗೆಮನೆಯ ಮೂಲೆಯಲ್ಲಿ ಮಾಡಿದ್ದು ಹೊಸಿಲ ಸಂದಿಯಿಂದ ಹೊರಬಿದ್ದು, ಅಂಗಳ ಹಿಡಿದು, ಎದುರುಮನೆಯ ಹಿರಿಯಾಕೆ ಖಾಲಾ ಬಿಸಿಲಿಗೆ ಹಾಸಿದ್ದ ಹೊಸ ಕೌದಿಯತನಕ ಹೋಗಿತ್ತು. ಅಷ್ಟು ಸಣ್ಣ ಜೀವದೊಳಗೆ ಅಷ್ಟು ನೀರು ಎಲ್ಲಿತ್ತೋ ದೇವರೇ ಬಲ್ಲ!

ಇನ್ನು ಅಳು. ಪಕ್ಕದ ಮನೆಯ ಶಾಂತಪ್ಪ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ಹೆಂಡತಿ ಮಕ್ಕಳು ಚಿಮ್ಮನಚೋಡದಲ್ಲಿ ಹೊಲ ನೋಡಿಕೊಂಡಿದ್ದರು, ಇವನು ಇಲ್ಲಿ ಒಬ್ಬನೇ. ಊರೆಲ್ಲ ಎದ್ದಾಗ ಮಲಗಬೇಕು, ಊರೆಲ್ಲ ದೀಪ ಹಚ್ಚುವಾಗ ಹಲ್ಲುಜ್ಜಬೇಕು. ಸಂಜೆ ನಾವು ಬರುವುದರೊಳಗೆ ಅವನು ಕೆಂಡದಂಥ ಕಣ್ಣು ಮಾಡಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ನರ್ಸಬಾಯಿ, ನಿಮ್ಮ ಕುನ್ನಿ ಮುಂಜಾನಿಂದ ಒಂದ ಸವನ ಒದರಾಕತ್ತದ್ರಿ. ನಾ ಒಂದು ಕಣ್ಣು ಮುಚ್ಚಿಲ್ಲ!"

ಅತ್ತೆ ಹತ್ತಿರ ಹೋಗಿ ಅವನ ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದಳು. "ರಕ್ತ ಕಡಿಮಿ ಅದ. ಕಬ್ಬಿಣದ ಗುಳಿಗಿ ಕೊಡ್ತೀನಿ, ನಾಳಿ ಬರ್ರಿ" ಎಂದು ಒಳಗೆ ಹೋದಳು.

ಆದರೆ ಅಳು ಆಕೆಗೂ ತಟ್ಟಿತ್ತು. ಮಾರನೆಯ ಮುಂಜಾನೆ ಅಂಗಳದಲ್ಲಿ ನಿಂತು ಡ್ಯೂಟಿ ಹಂಚಿಬಿಟ್ಟಳು! ಯಾರನ್ನೂ ಕೇಳಲಿಲ್ಲ. ಮುಂಜಾನೆಯ ಪಾಳಿ ಖಾಲಾಗೆ. ಮಧ್ಯಾಹ್ನ ಶಾಲೆಯ ಊಟದ ಬಿಡುವಿನಲ್ಲಿ ನನಗೆ. ಅಲ್ಲಿಂದ ಸಂಜೆಯತನಕ ಶಾಂತಪ್ಪನಿಗೆ.

"ನನಗ ಯಾಕ್ರಿ? ನಾ ಮಕ್ಕೋಬೇಕು!" ಎಂದ ಶಾಂತಪ್ಪ.

"ಹ್ಯಾಂಗೂ ನಿಮಗ ನಿದ್ದಿ ಬರವಲ್ದಲ್ಲ" ಎಂದಳು ಅತ್ತೆ.

ಖಾಲಾ ಪಾಪ ಒಳ್ಳೆಯವರು. "ನಾ ಅದಕ್ಕ ಮುಟ್ಟಂಗಿಲ್ಲ ಮಾ. ಮುಟ್ಟಿದ್ರ ನಮಾಜಿಗಿ ಮತ್ತ ಬಟ್ಟಿ ಬದಲ ಮಾಡಬೇಕು. ಹೊಸಿಲ ಹೊರಗ ಕುಂತು ಮಾತಾಡ್ತೀನಿ, ನಡೀತದೇನು?" ಎಂದರು. ನಡೆಯಿತು. ಕೌದಿ ಹೊಲಿಯುತ್ತ, ಸೊಸೆಯ ದೂರುಗಳನ್ನೆಲ್ಲ ಒಂದೊಂದಾಗಿ ಮೋತ್ಯಾನ ಮುಂದೆ ಹೇಳುತ್ತಿದ್ದರು. ಇಷ್ಟು ತಾಳ್ಮೆಯಿಂದ ಕೇಳುವವರು ಅವರಿಗೆ ಅಲ್ಲಿತನಕ ಸಿಕ್ಕಿರಲಿಲ್ಲ. ಅದೂ ತಲೆ ವಾರೆ ಮಾಡಿ ಕೇಳುತ್ತಿತ್ತು. ಒಂದು ವಾರದಲ್ಲಿ ಆ ಸೊಸೆ ಎದುರು ಬಂದರೆ ಮೋತ್ಯಾ ಗುರ್ ಎನ್ನತೊಡಗಿತು.

ಡ್ಯೂಟಿಗಿಂತ ಕಷ್ಟ ಅದರ ಕಾನೂನು. ದವಾಖಾನೆಯಲ್ಲಿ ಹೇಗೋ ಇಲ್ಲೂ ಹಾಗೆಯೇ. ಮುಂದಿನವರು ಬಂದು ಚಾರ್ಜ್ ತೆಗೆದುಕೊಳ್ಳುವತನಕ ಹಿಂದಿನವರು ಜಾಗ ಬಿಡುವಂತಿಲ್ಲ. ಚಾರ್ಜ್ ಕೊಡುವಾಗ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕು: ಎಷ್ಟು ಕುಡಿಯಿತು, ಎಷ್ಟು ಮಲಗಿತು, ಎಷ್ಟು ಸಲ ಆಯಿತು, ಗಟ್ಟಿಯೋ ತೆಳುವೋ. ನಾನು ಊಟದ ಡಬ್ಬಿ ಒಂದು ಕೈಯಲ್ಲಿ ಹಿಡಿದು ಈ ಕೊನೆಯ ಸಂಗತಿಯನ್ನು ಕೇಳಿಸಿಕೊಳ್ಳಬೇಕಾಗಿತ್ತು. ಆ ದಿನಗಳಲ್ಲಿ ನಾನೆಷ್ಟು ಬಡವಾದೆ ಎಂದರೆ ನನ್ನ ರವಿಕೆಗಳನ್ನೆಲ್ಲ ಹೊಲಿಗೆ ಹಾಕಿಸಿ ಬಿಗಿ ಮಾಡಿಸಬೇಕಾಯಿತು.

ಒಂದು ದಿನ ಶಾಂತಪ್ಪ ಗೊರಕೆ ಹೊಡೆದು ಮಲಗಿಬಿಟ್ಟ. ಬಾಗಿಲು ಬಡಿದೆ, ಏಳಲಿಲ್ಲ. ಅತ್ತ ಶಾಲೆಯ ಗಂಟೆ, ಇತ್ತ ಕಾಲಿಗೆ ತೊಡರುವ ಮೋತ್ಯಾ. ಅಂತೂ ಖಾಲಾರನ್ನು ಮತ್ತೆ ಕೂರಿಸಿ ಓಡಿದಾಗ ಬಡೇಬಾಯಿಯವರು, ಅಂದರೆ ನಮ್ಮ ಹೆಡ್‌ಮಿಸ್ಟ್ರೆಸ್ಸು, ಬಾಗಿಲಲ್ಲೇ ನಿಂತಿದ್ದರು. ಸುಳ್ಳು ಹೊಳೆಯಲಿಲ್ಲ. "ನಾಯಿಮರಿ ಚಾರ್ಜ್ ತೊಗೊಳ್ಳಾಕ ಯಾರೂ ಬರ್ಲಿಲ್ರಿ" ಎಂದೆ.

ಅವರ ನಾಲ್ಕೂ ಮಕ್ಕಳು ಅತ್ತೆಯ ಕೈಯಲ್ಲೇ ಹುಟ್ಟಿದವು. ಅವರು ಗಾಬರಿಯಿಂದ, "ಹಂಗಾದ್ರ ಬಿಟ್ಟು ಯಾಕ ಬಂದ್ರಿ? ನರ್ಸಬಾಯಿಗಿ ಗೊತ್ತಾದ್ರ ಏನ್ ಗತಿ!" ಎಂದರು.

ಇದಿಷ್ಟನ್ನೂ ಸಹಿಸಿದೆ. ಆದರೆ ನನ್ನನ್ನು ನೋಡಲು ಚಿತ್ತಾಪುರದಿಂದ ಗಂಡಿನ ಕಡೆಯವರು ಬಂದರಲ್ಲ, ಅವತ್ತಿನ ಕಥೆ ಕೇಳಿ. ಹುಡುಗ, ಹುಡುಗನ ತಾಯಿ, ಒಬ್ಬ ದೊಡ್ಡಪ್ಪ. ಮೋತ್ಯಾನನ್ನು ಖಾಲಾರ ಕಟ್ಟೆಗೆ ಸಾಗಿಸಿದ್ದೆವು. ನಾನು ತಲೆ ತಗ್ಗಿಸಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವುದಕ್ಕೂ ಖಾಲಾ ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಪಾಳಿ ಮುಗಿದಿತ್ತು, ಚಾರ್ಜ್ ಕೊಡಲೇಬೇಕು!

"ಬಾಯೀ, ಮುಂಜಾನಿಂದ ಎರಡು ಸಲ ಆಗ್ಯದ, ಜರಾ ತೆಳ್ಳಗ ಅದ. ಹಾಲು ಕುಡದು ಕಕ್ಕೇದ. ನಿನ್ನಿ ರಾತ್ರಿ ತಾಯಿ ನೆನಸಿ ಭಾಳ ಅತ್ತದ ಅಂತ ಕಾಣ್ತದ, ಕಣ್ಣು ಬಾತಾವ."

ಹುಡುಗನ ತಾಯಿಯ ಕೈಯಲ್ಲಿನ ಉಪ್ಪಿಟ್ಟು ಬಾಯಿಯ ಹತ್ತಿರವೇ ನಿಂತಿತು. ಇಬ್ಬರು ಮದುವೆಯಾಗದ ಹೆಂಗಸರ ಮನೆ. "ಮನ್ಯಾಗ ಕೂಸು ಅದ ಏನ್ರಿ?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ನನ್ನ ಕಡೆ ಬೆರಳು ಮಾಡಿ, "ಇಕಿನೇ ನೋಡ್ಕೋತಾಳ್ರಿ. ಭಾಳ ಜೀವ ಅದಕ್ಕ ಇಕೀ ಮ್ಯಾಲ" ಎಂದಳು!

ಆಮೇಲೆ ಮೋತ್ಯಾನನ್ನು ತಂದು ತೋರಿಸಿದ್ದೂ ಆಯಿತು, ಅದು ದೊಡ್ಡಪ್ಪನ ಧೋತರದ ಮೇಲೆ ತನ್ನ ಕೆಲಸ ಮುಗಿಸಿದ್ದೂ ಆಯಿತು. ಆ ಸಂಬಂಧ ಅಲ್ಲಿಗೇ ಮುರಿಯಿತು. ನಾನು ಅಡುಗೆಮನೆಯಲ್ಲಿ ಪಾತ್ರೆ ಎತ್ತಿ ಹಾಕುತ್ತಿದ್ದರೆ ಅತ್ತೆಗೆ ಒಂದಿಷ್ಟೂ ಬೇಜಾರಿಲ್ಲ. "ಕುನ್ನಿ ಸುದ್ದಿ ಕೇಳಿ ಓಡಿ ಹೋದಾವ ನಾಳಿ ಬಾಣಂತನಕ್ಕ ನಿಂದ್ರತಾನೇನು? ಹೋದ್ರ ಹೋಗ್ಲಿ ತೊಗೊ" ಎಂದಳು. ಸಿಟ್ಟಿನಲ್ಲಿದ್ದ ನನಗೆ ಆ ಮಾತು ಸರಿ ಅನ್ನಿಸಿದ್ದೇ ಇನ್ನೂ ಸಿಟ್ಟು ತರಿಸಿತು.

ಕೊನೆಗೆ ಶಾಂತಪ್ಪನೇ ಕಡ್ಡಿ ಮುರಿದಂತೆ ಹೇಳಿದ. ಈ ಸಲ ಕೂಗಾಡಲಿಲ್ಲ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

"ನಿನ್ನಿ ರಾತ್ರಿ ಕಾರ್ಖಾನ್ಯಾಗ ತಿರಗೋ ಬೆಲ್ಟಿನ ಮುಂದ ನಿಂತಲ್ಲೇ ಕಣ್ಣು ಹತ್ತಿತ್ರಿ ಬಾಯಿ. ಬಾಜೂನಾವ ಎಳಕೊಂಡ, ಇಲ್ಲಂದ್ರ ಈ ಕೈ ಇರ್ತಿರಲಿಲ್ಲ. ನನಗ ಹಗಲಿ ನಿದ್ದಿ ಬೇಕು. ಡ್ಯೂಟಿನೂ ಆಗಂಗಿಲ್ಲ, ಅದರ ಒದರಾಟನೂ ಆಗಂಗಿಲ್ಲ."

ಅತ್ತೆ ಅವನ ಕೈಯನ್ನೇ ನೋಡಿದಳು. ಮುರಿದ ಕೈ, ಕಳೆದ ಕೈ ಆಕೆ ಎಷ್ಟು ಕಂಡಿಲ್ಲ! ಡ್ಯೂಟಿ ಅವತ್ತೇ ರದ್ದಾಯಿತು. ಬರುವ ಸಂತೆಯೊಳಗೆ ಮೋತ್ಯಾ ಒಂಟಿಯಾಗಿ, ಸದ್ದಿಲ್ಲದೆ ಇರುವುದನ್ನು ಕಲಿಯಬೇಕು. ಇಲ್ಲವಾದರೆ ಸಂತೆಗೆ ಬರುವ ಕೊಡ್ಲಿ ಊರಿನ ನಮ್ಮ ನೆಂಟರ ಗಾಡಿಯಲ್ಲಿ ಅದನ್ನು ಹೊಲಕ್ಕೆ ಕಳಿಸುವುದು ಎಂದಾಯಿತು. ಅಲ್ಲಿಯ ದೊಡ್ಡ ನಾಯಿಗಳು ಈ ಅಂಗೈಯಗಲದ್ದನ್ನು ಉಳಿಸುತ್ತವೆ ಎಂಬ ನಂಬಿಕೆ ನಮಗ್ಯಾರಿಗೂ ಇರಲಿಲ್ಲ.

ಅತ್ತೆ ಪಾಠ ಶುರುಮಾಡಿದಳು. "ಡೋಸ್ ಸಣ್ಣದರಿಂದ ಏರಿಸ್ಕೋತ ಹೋಗಬೇಕು" ಎಂದು ಸಿದ್ಧಾಂತ. ಮೋತ್ಯಾನನ್ನು ಒಳಗೆ ಬಿಟ್ಟು ಹೊರಗೆ ಬರುವುದು, ಚಿಲಕ ಹಾಕಿ ಬಾಗಿಲ ಹಿಂದೆ ಉಸಿರು ಬಿಗಿ ಹಿಡಿದು ನಿಲ್ಲುವುದು, ಅದು ಅಳುವ ಮುಂಚೆ ಒಳಗೆ ಹೋಗುವುದು. ಮತ್ತೆ ಹೊರಗೆ, ಇನ್ನಷ್ಟು ಹೊತ್ತು. ಡ್ಯೂಟಿಗೆ ಹೋಗುವ ಮುಂಚೆ, ಡ್ಯೂಟಿಯಿಂದ ಬಂದ ಮೇಲೆ, ಬಿಳಿ ಸೀರೆಯಲ್ಲೇ, ಗೋಡೆಗೆ ಕಿವಿ ಹಚ್ಚಿಕೊಂಡು! ಹಾದು ಹೋಗುವವರು, "ಯಾಕ್ರಿ ನರ್ಸಬಾಯಿ, ಹೊರಗ ನಿಂತೀರಿ?" ಎಂದರೆ ತುಟಿಯ ಮೇಲೆ ಬೆರಳಿಟ್ಟು ಕಣ್ಣು ಕೆಕ್ಕರಿಸುತ್ತಿದ್ದಳು. ಎರಡೇ ದಿನಕ್ಕೆ ಊರಲ್ಲಿ ಸುದ್ದಿಯಾಯಿತು: ಟೀಚರ್ ಹುಡುಗಿ ಸೋದರತ್ತೆಯನ್ನು ಮನೆಯಿಂದ ಹೊರಗೆ ಹಾಕಿದ್ದಾಳೆ, ಪಾಪ, ಆ ಮುದುಕಿ ಬಾಗಿಲಲ್ಲಿ ನಿಂತು ಅಳುತ್ತದೆ! ಬಡೇಬಾಯಿಯವರು ನನ್ನನ್ನು ಒಳಗೆ ಕರೆದು ಹಿರಿಯರ ಸೇವೆಯ ಬಗ್ಗೆ ಬುದ್ಧಿ ಹೇಳಿದರು.

ಪಾಠವೇನೋ ನಡೆಯಿತು, ಆದರೆ ನಾವು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಮೋತ್ಯಾ ಒಳಗೆ ಒದರುವುದು ನಿಲ್ಲಲಿಲ್ಲ. ಸಂತೆಯ ಹಿಂದಿನ ದಿನ. ಮುಂಜಾನೆ ಅತ್ತೆ ಕೀಲಿ ಹಾಕಿದಳು, ಹಿಂದಿರುಗಿ ನೋಡದೆ ಹೋದಳು. ನಾನೂ ಹೋದೆ. ಊಟದ ಬಿಡುವಿನಲ್ಲಿ ಶಾಲೆಯಲ್ಲೇ ಕೂತೆ, ಆದರೆ ಡಬ್ಬಿ ತೆರೆದವಳು ಹಾಗೆಯೇ ಮುಚ್ಚಿಟ್ಟೆ. ನನಗೆ ಆ ಕುನ್ನಿಯ ಚಿಂತೆಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಸಂಜೆ ನಾನು ಅಂಗಳಕ್ಕೆ ಕಾಲಿಡುತ್ತಲೇ ಖಾಲಾ ಎದ್ದು ಬಂದರು. "ಅಳ್ಲೇ ಇಲ್ಲ ಮಾ! ಒಂದು ಸಲನೂ ಇಲ್ಲ. ಶಾಣ್ಯಾ ಆತು ನೋಡು!" ಶಾಂತಪ್ಪ ಬೇವಿನ ಕಡ್ಡಿ ಬಾಯಲ್ಲಿಟ್ಟುಕೊಂಡೇ ನಗುತ್ತಿದ್ದ. ಎಷ್ಟೋ ದಿನಕ್ಕೆ ಅವನ ಕಣ್ಣು ಬೆಳ್ಳಗಿತ್ತು. ಅಷ್ಟರಲ್ಲಿ ಅತ್ತೆ ಬಂದಳು. ಮೂವರೂ ಒಟ್ಟಿಗೇ ಹೇಳಿದೆವು. ಆಕೆ ಕುಣಿದಾಡುತ್ತಾಳೆ, ಕಡೆಗೆ ತನ್ನ ಡೋಸಿನ ಬಗ್ಗೆ ಒಂದು ಭಾಷಣವನ್ನಾದರೂ ಕೊಡುತ್ತಾಳೆ ಎಂದುಕೊಂಡಿದ್ದೆ.

"ಒಟ್ಟ ಅಳ್ಲಿಲ್ಲೇನು?" ಎಂದಳು.

"ಇಲ್ರಿ ಬಾಯಿ. ಪಕ್ಕಾ ಶಾಣ್ಯಾ ಆಗ್ಯದ" ಎಂದ ಶಾಂತಪ್ಪ.

ಅತ್ತೆ ಕೀಲಿ ತೆಗೆದಳು. ಹಾಲು ಇಟ್ಟಲ್ಲೇ ಇತ್ತು. ಮೋತ್ಯಾ ಒಳಗಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಬಿದ್ದುಕೊಂಡಿತ್ತು. ನಿದ್ದೆ ಮಾಡಿರಲಿಲ್ಲ, ಕಣ್ಣು ತೆರೆದಿತ್ತು. ಬಾಗಿಲು ತೆರೆದರೂ ತಿರುಗಲಿಲ್ಲ. ಅತ್ತೆ ಹೊಸಿಲ ಮೇಲೆ ಕುಸಿದು ಕೂತಳು.

"ಕೂಸುಗಳ ವಾರ್ಡಿನ್ಯಾಗ ನಾ ನೋಡೀನಿ" ಎಂದಳು. "ಹೊಸದಾಗಿ ಬಂದ ಕೂಸು ಒಂದ ಸವನ ಅಳ್ತದ. ಒಂದಿನ ಬಿಟ್ಟುಬಿಡ್ತದ. ಎಲ್ಲಾರೂ ಸುಧಾರಿಸ್ತು ಅಂತಾರ. ಸುಧಾರಿಸಿರಂಗಿಲ್ಲ. ಕರದ್ರೂ ಯಾರೂ ಬರಂಗಿಲ್ಲ ಅಂತ ಅದಕ್ಕ ತಿಳದಿರ್ತದ."

ಅತ್ತೆ ನನ್ನ ಕಡೆ ತಿರುಗಿದಳು. "ನಿಮ್ಮಪ್ಪ ನನಗ ನರ್ಸ್ ಟ್ರೇನಿಂಗಿಗಿ ಬಿಟ್ಟು ಹೋದಾಗ ನಾ ಇನ್ನೂ ಲಂಗದಾಗಿದ್ದೆ. ದಿನಾ ಗೇಟಿನ ಹತ್ರ ನಿಂತು ಅಣ್ಣಾ ಅಂತ ಅಳ್ತಿದ್ದೆ. ಆಮ್ಯಾಲ ಬಿಟ್ಟೆ. ಅಲ್ಲಿ ಮಂದಿನೂ ಹಿಂಗೇ ಅಂದ್ರು. ಶಾಣ್ಯಾ ಆದಳು ಹುಡುಗಿ, ಅಂದ್ರು."

ಇಷ್ಟು ಹೇಳಿ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡಳು. ಅಳು ಸೆರಗಿಗೆ ನಿಲ್ಲಲಿಲ್ಲ. ಊರಿಗೆಲ್ಲ ಬೈದು ಬುದ್ಧಿ ಹೇಳುವ ನಮ್ಮತ್ತೆ ಸಣ್ಣ ಹುಡುಗಿಯ ಹಾಗೆ ದನಿ ತೆಗೆದು ಅತ್ತಳು. ಆ ದನಿಗೆ ಮೋತ್ಯಾ ತಿರುಗಿ ನೋಡಿತು. ಎದ್ದಿತು. ನುಣುಪು ಫರಸಿಯ ಮೇಲೆ ನಾಲ್ಕೂ ಕಾಲು ಜಾರಿಸಿಕೊಂಡು ಬಂದು ಆಕೆಯ ಮಡಿಲಿಗೆ ಮೂತಿ ತೂರಿಸಿ ಅದೂ ಊಳಿಡಲು ಶುರುಮಾಡಿತು. ಅಂಗಳವೆಲ್ಲ ಆ ಇಬ್ಬರ ಅಳುವೇ.

ಸಮಾಧಾನ ಮಾಡಬೇಕೆಂದು ಎರಡು ಹೆಜ್ಜೆ ಮುಂದಿಟ್ಟೆ. ಶಾಂತಪ್ಪ ಬೇವಿನ ಕಡ್ಡಿ ಎಸೆದು ನನಗೆ ಕೈ ಅಡ್ಡ ಹಿಡಿದ. ಅವನ ಕಣ್ಣುಗಳು ಮತ್ತೆ ಕೆಂಪಗಾಗಿದ್ದವು.

"ಅಳ್ಲಿ ಬಿಡ್ರಿ ಟೀಚರಬಾಯಿ" ಎಂದ. "ಹಗಲಿ ಪಾಳಿ ಕೊಡ್ರಿ ಅಂತ ನಾನೇ ಸಾಹೇಬರಿಗಿ ಕೇಳ್ತೀನಿ. ಕುನ್ನಿ ಅಳ್ಲಿ."