ನೋರಿಸ್‌ನ ಮೆತ್ತನೆಯ ಕೈ

ನೋರಿಸ್ ಪಿಲ್ಲಿಂಗ್ ಮಾಡಿದ ತಪ್ಪು ಇಷ್ಟೇ. ಶನಿವಾರ ಲಂಡನ್ನಿನಿಂದ ಒಬ್ಬ ಹೆಂಗಸು ತನ್ನ ಮನೆ ನೋಡಲು ಬರುತ್ತಾಳೆಂದು ಎದುರುಮನೆಯ ಮಾರ್ಜರಿಗೆ ಬಾಯಿತಪ್ಪಿ ಹೇಳಿಬಿಟ್ಟ. ಯಾಕೆ ಬರುತ್ತಾಳೆ ಎಂಬುದನ್ನು ಹೇಳಲು ಅವನು ಬಾಯಿ ತೆರೆಯುವಷ್ಟರಲ್ಲಿ ಮಾರ್ಜರಿ ಒಳಗೆ ಹೋಗಿ, ತನ್ನ ಮನೆಯ ಲೇಸಿನ ಪರದೆಗಳನ್ನು ಬಿಚ್ಚತೊಡಗಿದ್ದಳು.

ನೋರಿಸ್ ಓಲ್ಡಮ್ ಪಟ್ಟಣದಲ್ಲಿ ಕಸದ ಲಾರಿಯ ಹಿಂದೆ ಓಡುವ ಕೆಲಸದವನು. ಬೆಳಿಗ್ಗೆ ಊರಿನ ಡಬ್ಬಿಗಳನ್ನು ಸುರಿದು ಬಂದು, ಸಂಜೆ ಅಡುಗೆಮನೆಯ ಮೇಜಿನ ಮುಂದೆ ಕೂತು ನಾಟಕ ಬರೆಯುತ್ತಿದ್ದ. ಬರೆದದ್ದನ್ನು ಬೆರಿಲ್‌ಳ ಪಬ್ಬಿನ ಮಹಡಿಯ ಕೋಣೆಯಲ್ಲಿ ಆಡುತ್ತಿದ್ದ. ಕೆಳಗೆ ಯಾರಾದರೂ ಫುಟ್‌ಬಾಲ್ ನೋಡಿ ಕೂಗಿದರೆ ಮೇಲಿನ ದುರಂತ ನಾಟಕದಲ್ಲಿ ಸತ್ತವರೂ ಒಮ್ಮೆ ಕಣ್ಣು ಬಿಡುತ್ತಿದ್ದರು. ಆದರೂ ಕುರ್ಚಿಗಳೆಲ್ಲ ತುಂಬುತ್ತಿದ್ದವು.

ಲಂಡನ್ನಿನ ಒಂದು ನಾಟಕಶಾಲೆ ವರ್ಷಕ್ಕೊಮ್ಮೆ ಕೂಲಿಕಾರನೊಬ್ಬ ಬರೆದ ನಾಟಕವನ್ನು ಆರಿಸಿ ಆಡಿಸುತ್ತಿತ್ತು. ಹೋದ ವರ್ಷ ಅವರು ಆರಿಸಿದ ಇಟ್ಟಿಗೆ ಹೊರುವವನು ದೊಡ್ಡ ಡಾಕ್ಟರೊಬ್ಬರ ಮಗನೆಂದೂ, ಅವನ ಒರಟು ಮಾತು ಮೇಷ್ಟ್ರನ್ನಿಟ್ಟುಕೊಂಡು ಕಲಿತದ್ದೆಂದೂ ಆಮೇಲೆ ಗೊತ್ತಾಯಿತು. ಪತ್ರಿಕೆಗಳೆಲ್ಲ ನಕ್ಕಿದ್ದವು. ಅಂದಿನಿಂದ ಅವರಿಗೆ ಯಾರ ಮೇಲೂ ನಂಬಿಕೆಯಿಲ್ಲ. ಬರೆದವನು ಅಸಲಿಯೋ ನಕಲಿಯೋ ಎಂದು ಮನೆಗೇ ಬಂದು ನೋಡಿ, ನಾಟಕವನ್ನೂ ನೋಡಿ, ಆಮೇಲೆ ಮಾತು. ನೋರಿಸ್ ತನ್ನ ನಾಟಕವನ್ನು ಅವರಿಗೆ ಕಳಿಸಿದ್ದ, ಈ ಸಲ ನೋಡಲು ಬರುವವಳು ಮಿಸ್ ಕಾರ್ಬೆಟ್.

ಶನಿವಾರ ಬೆಳಿಗ್ಗೆ ನೋರಿಸ್ ಪಬ್ಬಿಗೆ ಹೋಗಿ ಕುರ್ಚಿ ಜೋಡಿಸಿ ಮಧ್ಯಾಹ್ನ ಮನೆಗೆ ಬಂದ. ಬಾಗಿಲಲ್ಲಿ ಒಂದು ಪಿಯಾನೋ ಸಿಕ್ಕಿಕೊಂಡಿತ್ತು. ಒಳಗಿನಿಂದ ಇಬ್ಬರು ಎಳೆಯುತ್ತಿದ್ದರು, ಹೊರಗಿನಿಂದ ಇಬ್ಬರು ನೂಕುತ್ತಿದ್ದರು. ಅದು ಬೇಲಿಯಲ್ಲಿ ಸಿಕ್ಕಿಕೊಂಡ ಹಂದಿಯ ಹಾಗೆ ಆಗಾಗ ಗುಂಯ್ ಎನ್ನುತ್ತಿತ್ತು. ಚರ್ಚಿನ ಸಭಾಂಗಣದಿಂದ ಅದನ್ನು ತರಿಸಿದವಳು ಮಾರ್ಜರಿ.

ನೋರಿಸ್ ಹಿಂಬಾಗಿಲಿನಿಂದ ಒಳಗೆ ಹೋಗಿ ನೋಡಿದರೆ ಮನೆ ಅವನದಾಗಿ ಉಳಿದಿರಲಿಲ್ಲ. ಕಿಟಕಿಗೆ ಲೇಸಿನ ಪರದೆ. ಮೇಜಿನ ಮೇಲೆ ಚಿನ್ನದ ಅಂಚಿನ ಕಪ್ಪುಗಳು. ಗೋಡೆಯಲ್ಲಿ ಬೇಟೆನಾಯಿಗಳ ನಡುವೆ ಕುದುರೆಯೇರಿದ ಯಾರೋ ಸಾಹೇಬನ ಚಿತ್ರ. ಅವನ ಕೆಲಸದ ಬೂಟುಗಳು, ಹಳದಿ ಅಂಗಿ ಯಾವುದೂ ಕಾಣುತ್ತಿರಲಿಲ್ಲ.

ಮಿಸ್ ಕಾರ್ಬೆಟ್ ಬರುತ್ತಿರುವುದೇ ತನ್ನ ಬಡತನ ನೋಡಲು ಎಂದು ನೋರಿಸ್ ವಿವರಿಸಲು ನೋಡಿದ. ಮಾರ್ಜರಿಗೆ ಅದು ಹಿಡಿಸಲಿಲ್ಲ.

"ಬಡತನ ನೋಡೋಕೆ ಲಂಡನ್ನಿಂದ ರೈಲು ಹತ್ತಿ ಯಾರಾದ್ರೂ ಬರ್ತಾರಾ? ನಿನ್ನ ಮರ್ಯಾದೆ ಅಲ್ಲ ಕಣೋ, ನಮ್ಮ ಬೀದಿ ಮರ್ಯಾದೆ. ಸುಮ್ನೆ ಅಂಗಿ ಬದಲಾಯಿಸ್ಕೋ."

ಅಷ್ಟರಲ್ಲಿ ಪಿಯಾನೋದ ಆಚೆ ಒಂದು ಟೋಪಿ ಕಾಣಿಸಿತು. ಮಿಸ್ ಕಾರ್ಬೆಟ್ ಬಂದಿದ್ದಳು. ತೆಳ್ಳಗೆ, ಎತ್ತರಕ್ಕೆ, ಬಾಯಿಗಿಂತ ಕಣ್ಣಲ್ಲೇ ಹೆಚ್ಚು ಕೇಳುವ ಹೆಂಗಸು. ಪಿಯಾನೋವನ್ನು ಒಂದು ಕ್ಷಣ ನೋಡಿ, ಇದನ್ನು ಯಾರು ನುಡಿಸುತ್ತಾರೆ ಎಂದು ಕೇಳಿದಳು. ದಿನಾ ಸಂಜೆ ನೋರಿಸ್ಸೇ ಎಂದು ಮಾರ್ಜರಿ ಕಿಟಕಿಯಿಂದ ತಲೆ ಹಾಕಿ ಉತ್ತರ ಕೊಟ್ಟಳು.

ಹಿಂಬಾಗಿಲಿನಿಂದ ಒಳಗೆ ಬಂದ ಮಿಸ್ ಕಾರ್ಬೆಟ್ ನೋರಿಸ್‌ನ ಕೈ ಕುಲುಕಿದಳು, ಬಿಡಲಿಲ್ಲ. ಅಂಗೈಯನ್ನು ತಿರುಗಿಸಿ ನೋಡಿದಳು. ವರ್ಷಗಟ್ಟಲೆ ಕೆಲಸದ ದಪ್ಪ ಕೈಗವಸಿನೊಳಗೆ ಬೆವರಿ ಬೆವರಿ ಅವನ ಕೈ ಎಳೆಮಗುವಿನದರಷ್ಟು ಮೆತ್ತಗಾಗಿತ್ತು.

"ಬಹಳ ಮೃದು," ಎಂದಳು ಅವಳು.

ಕೈಗವಸಿನ ಕತೆ ಹೇಳಿದರೆ ನೆಪ ಹೇಳಿದಂತಾಗುತ್ತದೆಂದು ನೋರಿಸ್ ಕೈ ಎಳೆದುಕೊಂಡು ಜೇಬಿಗಿಳಿಸಿದ. ಮಾರ್ಜರಿ ಸಾಹೇಬರ ಮನೆಯ ಹಾಗೆ ಅಂಚು ಕತ್ತರಿಸಿದ ಸೌತೆಕಾಯಿ ಸ್ಯಾಂಡ್‌ವಿಚ್ಚುಗಳನ್ನು ತಂದಿಟ್ಟಳು. ತಾನು ದಿನಾ ತಿನ್ನುವುದು ಮಾಂಸದ ಪೈ, ಬೇಯಿಸಿದ ಬಟಾಣಿ ಎಂದು ನೋರಿಸ್ ಹೇಳಿದ. ಅವನಿಗೆ ತಮಾಷೆ ಜಾಸ್ತಿ ಎಂದು ಮಾರ್ಜರಿ ನಕ್ಕಳು.

ನೋರಿಸ್ ಕುರ್ಚಿ ಮುಂದಕ್ಕೆಳೆದುಕೊಂಡ. ಹೇಗಾದರೂ ಮಾಡಿ ತಾನು ಕಸದವನೆಂದು ತೋರಿಸಬೇಕು. ಅವನು ಚಹಾವನ್ನು ಸಾಸರಿಗೆ ಸುರಿದುಕೊಂಡು ಸೊರ್ರೆಂದು ಹೀರಿದ. ಅಂಗಿಯ ತೋಳಿನಿಂದ ಮೂಗು ಒರೆಸಿಕೊಂಡ. ತೊಡೆ ಕೆರೆದುಕೊಂಡ. ಅವನಾಗಲಿ ಅವನ ಅಪ್ಪನಾಗಲಿ ಜನ್ಮದಲ್ಲಿ ಹಾಗೆ ಚಹಾ ಕುಡಿದವರಲ್ಲ. ಮಾರ್ಜರಿಯೇ ಬೆಚ್ಚಿದಳು.

ಮಿಸ್ ಕಾರ್ಬೆಟ್ ಎಲ್ಲವನ್ನೂ ಸಮಾಧಾನದಿಂದ ನೋಡಿದಳು. "ಚೆನ್ನಾಗಿ ಅಭ್ಯಾಸ ಮಾಡಿದೀರಿ," ಎಂದಳು.

ಕೊನೆಯ ಆಸೆಯಾಗಿ ನೋರಿಸ್ ಪಕ್ಕದ ಮನೆಯ ಸಿರಿಲ್‌ನನ್ನು ಕರೆದ. ಎರಕದ ಕಾರ್ಖಾನೆಯಿಂದ ನಿವೃತ್ತನಾದ ಮುದುಕ, ಸುಳ್ಳು ಹೇಳುವವನಲ್ಲ. ಪಿಯಾನೋ ನೂಕಿ ಅವನಿಗೆ ಇನ್ನೂ ಏದುಸಿರು. ನೋರಿಸ್ ಏನು ಕೆಲಸ ಮಾಡುತ್ತಾನೆ ಎಂದು ಮಿಸ್ ಕಾರ್ಬೆಟ್ ಕೇಳಿದಳು. ಸಿರಿಲ್ ಮಾರ್ಜರಿಯ ಮುಖ ನೋಡಿದ. ಮಾರ್ಜರಿ ಹುಬ್ಬು ಹಾರಿಸಿದಳು.

"ಪುರಸಭೆಯಲ್ಲಿದಾನೆ ಮೇಡಂ. ಪರಿಸರದ ಕಡೆ. ಇಡೀ ಊರು ಇವನ ಕೈಕೆಳಗೇ ಬರುತ್ತೆ."

ಸಿರಿಲ್ ಸುಳ್ಳನ್ನೇನೂ ಹೇಳಿರಲಿಲ್ಲ.

ಸಂಜೆ ಪಬ್ಬಿನ ಮಹಡಿ ತುಂಬಿತು. ಬೀದಿಯ ಜನರೆಲ್ಲ ಬಿಯರಿನ ಲೋಟ ಹಿಡಿದು ಬಂದಿದ್ದರು. ಇಬ್ಬರು ಕಸದವರು ಮತ್ತು ಅವರ ಕೆಲಸ ಕಿತ್ತುಕೊಳ್ಳಲು ಬರುವ ಒಬ್ಬ ಅಧಿಕಾರಿಯ ಕತೆ ಅದು. ಹಿರಿಯ ಕಸದವನ ಪಾತ್ರ ನೋರಿಸ್‌ನದು. ಮೊದಲ ಅಂಕಕ್ಕೆ ಜನ ನಕ್ಕು ನಕ್ಕು ಬಿಯರ್ ಚೆಲ್ಲಿಕೊಂಡರು. ಮಿಸ್ ಕಾರ್ಬೆಟ್ ಕೂಡ ಒಮ್ಮೆ ನಕ್ಕಳು. ನೋರಿಸ್‌ಗೆ ಧೈರ್ಯ ಬಂತು.

ಎರಡನೇ ಅಂಕದ ದೊಡ್ಡ ಮಾತು ಬಂತು. ಅದಕ್ಕಾಗಿಯೇ ಇಡೀ ನಾಟಕ ಬರೆದದ್ದು. ನೋರಿಸ್ ಮುಂದೆ ಬಂದು ಕೈಯೆತ್ತಿದ. ಎತ್ತಿದ ಕೈಯನ್ನೇ ಮಿಸ್ ಕಾರ್ಬೆಟ್ ಕಣ್ಣು ಕಿರಿದು ಮಾಡಿ ನೋಡುತ್ತಿದ್ದದ್ದು ಅವನಿಗೆ ಕಾಣಿಸಿತು. ಅಷ್ಟೇ. ತಾನೇ ಬರೆದು ತಿದ್ದಿದ ಮಾತು, ತಲೆಯಿಂದ ನೀರಿನಂತೆ ಸೋರಿಹೋಯಿತು. ಅವನು ನುಂಗಿದ ಉಗುಳಿನ ಸದ್ದು ಹಿಂದಿನ ಸಾಲಿಗೂ ಕೇಳಿಸಿತು.

ಆಗ ಎರಡನೇ ಸಾಲಿನಲ್ಲಿ ಸಿರಿಲ್ ನಿಧಾನವಾಗಿ ಎದ್ದು ನಿಂತ. ನೋರಿಸ್ ಬರೆಯುವಾಗ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದುತ್ತಿದ್ದ. ಎರಡು ಮನೆಗೂ ಇರುವುದು ಒಂದೇ ಗೋಡೆ, ಅದೂ ತೆಳು. ಗೆಳೆಯನ ಮಾನ ಉಳಿಸಬೇಕೆಂದು ಮುದುಕನೇ ಮಾತು ಎತ್ತಿಕೊಂಡ.

"ಈ ಬೀದೀಲಿ ಯಾರು ಹೋದ್ರು ಅಂತ ಪಾದ್ರಿಗಿಂತ ಮುಂಚೆ ನಮಗೆ ಗೊತ್ತಾಗುತ್ತೆ. ಒಂದು ವಾರ ಡಬ್ಬೀಲಿ ಔಷಧಿ ಬಾಟ್ಲಿ. ಮುಂದಿನ ವಾರ ಕನ್ನಡಕ. ಅದರ ಮುಂದಿನ ವಾರ, ಒಬ್ರಿಗಾಗುವಷ್ಟೇ ಆಲೂಗಡ್ಡೆ ಸಿಪ್ಪೆ."

ಸಿರಿಲ್ ಕೊನೆಯವರೆಗೂ ಹೇಳಿದ. ಹೆಂಡತಿಯನ್ನು ಕಳೆದುಕೊಂಡವನು ಅವನು, ಆಲೂಗಡ್ಡೆಯ ಸಾಲನ್ನು ಎರಡು ಸಲ ಹೇಳಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನೋರಿಸ್‌ನ ಕಣ್ಣೂ ಒದ್ದೆಯಾಯಿತು. ತನ್ನ ಮಾತು ಇಷ್ಟು ಚೆನ್ನಾಗಿದೆಯೆಂದು ಅವನಿಗೇ ಗೊತ್ತಿರಲಿಲ್ಲ.

ನಾಟಕ ಮುಗಿದ ಮೇಲೆ ಕೆಳಗೆ ಮಿಸ್ ಕಾರ್ಬೆಟ್ ಬಂದಳು. ಮುಖದಲ್ಲಿ ಅನುಮಾನದ ಸುಳಿವಿಲ್ಲ. ಈ ನಾಟಕ ಲಂಡನ್ನಿಗೆ ಬರುತ್ತದೆ, ಇದನ್ನು ಬರೆದವನು ಅಪ್ಪಟ ಶ್ರಮಜೀವಿ ಎಂಬುದರಲ್ಲಿ ತನಗೆ ಸಂಶಯವೇ ಉಳಿದಿಲ್ಲ ಎಂದಳು. ನೋರಿಸ್ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ ಸಿರಿಲ್‌ನ ಕೈ ಹಿಡಿದುಕೊಂಡಳು. ಮರದ ತೊಗಟೆಯಂಥ ಆ ಕೈಯನ್ನು ತಿರುಗಿಸಿ ನೋಡಿ, ತೃಪ್ತಿಯಿಂದ ತಲೆಯಾಡಿಸಿದಳು.

"ನಿಜ ಹೇಳಿ. ಈ ಮಾತೆಲ್ಲ ಎಷ್ಟು ದಿನದಿಂದ ನಿಮ್ಮ ತಲೇಲಿತ್ತು?"

ಸುಳ್ಳು ಹೇಳದ ಸಿರಿಲ್ ಇದ್ದದ್ದನ್ನೇ ಹೇಳಿದ. "ವರ್ಷ ಆಯ್ತು ಮೇಡಂ. ಮಲಗಿದ್ರೆ ಇದೇ, ಎದ್ರೆ ಇದೇ. ನಿದ್ದೇನೇ ಕೊಡಲಿಲ್ಲ."

ನೋರಿಸ್ ತಾನೇ ಬರೆದದ್ದೆಂದು ತೊದಲಿದ. ಬರೆದವನಿಗೆ ತನ್ನದೇ ಮಾತು ಮರೆಯುತ್ತದೆಯೇ ಎಂದು ಅವಳು ಕೇಳಿದಳು. ಮಾರ್ಜರಿಗೆ ಈಗ ದಿಗಿಲಾಯಿತು. ನೋರಿಸ್ ನಿಜವಾಗಿಯೂ ಕಸದ ಲಾರಿಯವನು, ಪಿಯಾನೋ ಚರ್ಚಿನದು, ಕಪ್ಪುಗಳು ತನ್ನವು ಎಂದು ಬಡಬಡಿಸಿದಳು. ಬೆರಿಲ್ ಕೂಡ ಹೌದೆಂದಳು. ಸಾಹೇಬರನ್ನು ಉಳಿಸಲು ನೆರೆಯವರು ಎಷ್ಟು ಒದ್ದಾಡುತ್ತಾರೆ ಎಂದು ಮಿಸ್ ಕಾರ್ಬೆಟ್‌ಗೆ ಮರುಕವೇ ಆಯಿತು.

ಹೊರಡುವಾಗ ಅವಳು ನೋರಿಸ್‌ನನ್ನು ಪಕ್ಕಕ್ಕೆ ಕರೆದಳು. ಬಡವನ ನಾಟಕ ಕದ್ದ ವಿಷಯವನ್ನು ತಾನು ಯಾರಿಗೂ ಹೇಳುವುದಿಲ್ಲ, ಆದರೆ ಅವನ ಅಭಿನಯ ಪೂರ್ತಿ ವ್ಯರ್ಥವಾಗಬಾರದು ಎಂದಳು.

"ಲಂಡನ್ನಲ್ಲಿ ಆ ಅಧಿಕಾರಿ ಪಾತ್ರ ನೀವೇ ಮಾಡಿ. ಅದು ನಿಮ್ಮ ರಕ್ತದಲ್ಲೇ ಇದೆ. ಕಸದವನ ಪಾತ್ರ ನಿಮಗೆ ಒಪ್ಪೋದಿಲ್ಲ."

ಅವಳ ಟ್ಯಾಕ್ಸಿ ಹೋಯಿತು. ನೋರಿಸ್ ಕಟ್ಟೆಯ ಮೇಲೆ ಕುಸಿದು ಕೂತ. ಸಿರಿಲ್ ಎರಡು ಲೋಟ ಬಿಯರ್ ಹಿಡಿದು ಬಂದು ಪಕ್ಕದಲ್ಲಿ ಕೂತು, ನಾಳೆಯೇ ಫೋನ್ ಮಾಡಿ ಅವಳಿಗೆ ಎಲ್ಲ ತಿಳಿಸುವುದಾಗಿ ಮಾತು ಕೊಟ್ಟ. ನೋರಿಸ್‌ಗೆ ಹೋದ ಜೀವ ಬಂದ ಹಾಗಾಯಿತು. ಇಬ್ಬರೂ ಲೋಟ ಖಾಲಿ ಮಾಡಿದರು.

ಸಿರಿಲ್ ಬಾಯಿ ಒರೆಸಿಕೊಂಡು, ಏನೋ ಯೋಚಿಸುತ್ತ, ಕೆಮ್ಮಿದ.

"ಫೋನ್ ಮಾಡೋದೇನೋ ಮಾಡ್ತೀನಿ ಮಗಾ," ಎಂದ. "ಆದ್ರೆ ಆ ಮೂರನೇ ಅಂಕ ಇದೆಯಲ್ಲ, ಅದನ್ನ ನಾನು ಸ್ವಲ್ಪ ಬೇರೆ ಥರ ಬರೀಬೇಕಿತ್ತು."